ಐವತ್ತೈದರ ಕಟ್ಟಳೆ

ಶಾಸನವೊಂದಕ್ಕೆ ಎರಡು ಆಯುಷ್ಯಗಳುಂಟು. ಜಾರಿಗೆ ಬಂದ ದಿನದಿಂದ ರದ್ದಾಗುವ ದಿನದವರೆಗಿನದು ಒಂದು. ಜನರು ಅದನ್ನು ಮನಸಾರೆ ಒಪ್ಪಿಕೊಂಡ ದಿನದಿಂದ ಮನಸ್ಸಿನಲ್ಲಿಯೇ ಕೈಬಿಟ್ಟ ದಿನದವರೆಗಿನದು ಇನ್ನೊಂದು. ಮೊದಲನೆಯದು ಸರಕಾರದ ದಫ್ತರಿನಲ್ಲಿ ಸಿಗುತ್ತದೆ. ಎರಡನೆಯದನ್ನು ಜನರ ನಡೆಯಲ್ಲಿಯೇ ಹುಡುಕಬೇಕು. ಅಮೆರಿಕ ದೇಶವು ತನ್ನ ಹೆದ್ದಾರಿಗಳಿಗೆ 1974ರಲ್ಲಿ ವಿಧಿಸಿ 1995ರಲ್ಲಿ ಹಿಂತೆಗೆದುಕೊಂಡ ಗಂಟೆಗೆ 55 ಮೈಲಿಯ ವೇಗಮಿತಿಯ ವೃತ್ತಾಂತವನ್ನು ಈ ದೃಷ್ಟಿಯಿಂದ ಓದುಗರ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. 55 ಮೈಲಿಯೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರು.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿದವರಿಗೆ ಮೋಟಾರಿನ ವೇಗದ ಗೊಡವೆಯೇಕೆ ಎಂದು ಕೆಲವರು ಕೇಳಿಯಾರು. ನಾವು ವಾಹನ ನಡೆಸಿದವರಲ್ಲ. ಜೀವಮಾನವೆಲ್ಲ ಹಿಂದಿನ ಆಸನದಲ್ಲಿ ಕುಳಿತು ಊರೂರು ತಿರುಗಿದವರು. ಹಾಗೆ ಕುಳಿತವನಿಗೆ ಮಾಡಲು ಬೇರೆ ಕೆಲಸವಿಲ್ಲವಾದ್ದರಿಂದ ಚಾಲಕನ ಸ್ವಭಾವವನ್ನು ನೋಡುತ್ತ ಕೂಡ್ರುವುದೇ ಅಭ್ಯಾಸವಾಗುತ್ತದೆ. ಮನೆಯಲ್ಲಿ ಗೋವಿನಂತಿರುವ ಮನುಷ್ಯ ಚಕ್ರ ಹಿಡಿದೊಡನೆ ಬೇರೆಯೇ ಆಗುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

2018ರ ಬೇಸಿಗೆಯಲ್ಲಿ ಉಪನ್ಯಾಸಗಳ ನಿಮಿತ್ತ ನಾವು ಅಮೆರಿಕಕ್ಕೆ ಹೋದಾಗ ಇಲಿನಾಯ್ ರಾಜ್ಯದಲ್ಲಿ ನಮ್ಮನ್ನು ಆದರಿಸಿದವರು ಬಾಗಲಕೋಟೆ ಕಡೆಯ ಹಿರಿಯ ಇಂಜಿನಿಯರೊಬ್ಬರು. 1971ರಲ್ಲಿ ಉದ್ಯೋಗಕ್ಕೆಂದು ಹೋಗಿ ಅಲ್ಲಿಯೇ ನೆಲೆನಿಂತವರು. ಎಪ್ಪತ್ತು ದಾಟಿದ್ದರೂ ಅವರ ಬಾಯಲ್ಲಿ ಹುಟ್ಟೂರಿನ ಮಾತು ಎಳ್ಳಷ್ಟೂ ಸವೆದಿರಲಿಲ್ಲ. ಶಿಕಾಗೋದಿಂದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಕಡೆಗೆ ಮೆಕ್ಕೆಜೋಳದ ಹೊಲಗಳ ನಡುವೆ ಸಾಗುತ್ತಿದ್ದಾಗ ರಸ್ತೆಯ ಬದಿಯ ಫಲಕದಲ್ಲಿ 70 ಎಂದಿತ್ತು. ನಮ್ಮ ಗಾಡಿಯ ಮುಳ್ಳು 74ರ ಮೇಲಿತ್ತು. ಆದರೂ ಅನೇಕರು ನಮ್ಮನ್ನು ಹಿಂದಿಕ್ಕಿ ಹೋಗುತ್ತಿದ್ದರು. ಶಿಸ್ತಿನ ದೇಶವೆಂದು ಕೇಳಿ ಬಂದಿದ್ದ ನಾವು ಇದೇನೆಂದು ವಿಚಾರಿಸಿದೆವು. ಅವರು ನಕ್ಕು, “ಶಾಸ್ತ್ರಿಗಳ, ಇಲ್ಲೆ ಬೋರ್ಡಿನ ಮ್ಯಾಲೆ ಬರದದ್ದು ಒಂದು, ಮಂದಿ ಓದೂದು ಒಂದು ರೀ. ಎಪ್ಪತ್ತು ಅಂತ ಬರದ್ರ ಎಪ್ಪತ್ತೈದು ಅಂತ ಓದ್ತಾರ. ಈ ಓದು ಕಲಿಸಿದ್ದು ಐವತ್ತೈದರ ಕಾಯ್ದೆ” ಎಂದರು. ಆ ದಿನದ ಪ್ರಯಾಣವೆಲ್ಲ ಅದೇ ಕಥೆಯಲ್ಲಿ ಕಳೆಯಿತು. ಹಿಂತಿರುಗಿದ ಮೇಲೆ ನಾವು ಆ ವಿಷಯದ ಬರಹಗಳನ್ನು ತರಿಸಿಕೊಂಡು ಓದಿದೆವು.

1973ಕ್ಕೆ ಮೊದಲು ಅಲ್ಲಿ ಒಂದೊಂದು ರಾಜ್ಯವೂ ತನ್ನ ವೇಗಮಿತಿಯನ್ನು ತಾನೇ ಗೊತ್ತುಪಡಿಸಿಕೊಳ್ಳುತ್ತಿತ್ತು. ಹೆದ್ದಾರಿಗಳಲ್ಲಿ 70 ಮೈಲಿ, ಕೆಲವೆಡೆ 75. ಪಶ್ಚಿಮದ ಮೊಂಟಾನ, ನೆವಾಡಾ ರಾಜ್ಯಗಳಲ್ಲಿ ಹಗಲು ಹೊತ್ತಿನಲ್ಲಿ ಸಂಖ್ಯೆಯ ಮಿತಿಯೇ ಇರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾಗಿ, ಇಸ್ರೇಲಿನ ಬೆನ್ನಿಗೆ ನಿಂತ ಅಮೆರಿಕಕ್ಕೆ ಅರಬ್ ರಾಷ್ಟ್ರಗಳು ತೈಲವನ್ನು ನಿಲ್ಲಿಸಿದವು. ಅಧ್ಯಕ್ಷ ನಿಕ್ಸನ್ನರು ನವೆಂಬರಿನಲ್ಲಿ ವೇಗವನ್ನು 50 ಮೈಲಿಗೆ ಇಳಿಸಬೇಕೆಂದು ದೇಶಕ್ಕೆ ಕರೆಯಿತ್ತರು. ಲಾರಿ ನಡೆಸುವವರು ರಸ್ತೆಗಳನ್ನೇ ಅಡ್ಡಗಟ್ಟಿ ಪ್ರತಿಭಟಿಸಿದರು. ಕಡೆಗೆ 55 ಎಂಬ ಸಂಖ್ಯೆಗೆ ಒಪ್ಪಂದವಾಗಿ 1974ರ ಜನವರಿ 2ರಂದು ಶಾಸನಕ್ಕೆ ಅಂಕಿತ ಬಿದ್ದಿತು. ವೇಗಮಿತಿಯು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದರಿಂದ ಕೇಂದ್ರವು ನೇರವಾಗಿ ಆಜ್ಞೆ ಮಾಡಲಿಲ್ಲ. 55ನ್ನು ಒಪ್ಪದ ರಾಜ್ಯಕ್ಕೆ ಹೆದ್ದಾರಿಯ ಅನುದಾನವಿಲ್ಲವೆಂದು ಹೇಳಿತು. ಎರಡು ತಿಂಗಳಲ್ಲಿ ಎಲ್ಲ ರಾಜ್ಯಗಳೂ ಒಪ್ಪಿದವು. ಹಣದ ಹಗ್ಗಕ್ಕೆ ಬಾಗದ ಕುತ್ತಿಗೆ ಯಾವ ದೇಶದಲ್ಲಿಯೂ ಇದ್ದಂತಿಲ್ಲ.

ಆ ಚಳಿಗಾಲದ ನೆನಪನ್ನು ನಮ್ಮ ಇಂಜಿನಿಯರರು ಬಣ್ಣಿಸಿದ ರೀತಿ ಇನ್ನೂ ಕಿವಿಯಲ್ಲಿದೆ. ಭಾನುವಾರಗಳಲ್ಲಿ ಪೆಟ್ರೋಲ್ ಬಂಕುಗಳು ಮುಚ್ಚಿರುತ್ತಿದ್ದವು. ಉಳಿದ ದಿನ ನಸುಕಿನಲ್ಲಿಯೇ ಹಿಮದಲ್ಲಿ ಸರದಿ ಹಚ್ಚಬೇಕಾಗುತ್ತಿತ್ತು. “ಆಗ ಯಾರೂ ಕಾಲು ಜೋರು ಒತ್ತತಿದ್ದಿಲ್ಲ ರೀ. ಪೊಲೀಸರ ಅಂಜಿಕಿ ಅಲ್ಲ. ಟಾಕಿ ಖಾಲಿ ಆದ್ರ ಕೆಲಸಕ್ಕ ಹ್ಯಾಂಗ ಹೋಗೂದು ಅನ್ನೂ ಅಂಜಿಕಿ.” ನಿಧಾನವಾಗಿ ಹೋಗುವುದು ಆಗ ದೇಶಸೇವೆಯೂ ಆಗಿತ್ತು, ಸ್ವಂತ ಉಳಿತಾಯವೂ ಆಗಿತ್ತು. ಇಂಥ ಗಳಿಗೆಯಲ್ಲಿ ಹುಟ್ಟಿದ ಶಾಸನಕ್ಕೆ ಕಾವಲುಗಾರನ ಅಗತ್ಯವೇ ಬೀಳುವುದಿಲ್ಲ.

ಯಾರೂ ನಿರೀಕ್ಷಿಸದ ಫಲವೊಂದು ವರ್ಷದ ಕೊನೆಗೆ ಕಂಡಿತು. 1973ರಲ್ಲಿ ಆ ದೇಶದ ರಸ್ತೆಗಳಲ್ಲಿ ಮಡಿದವರು 54 ಸಾವಿರಕ್ಕೂ ಹೆಚ್ಚು. 1974ರಲ್ಲಿ ಆ ಸಂಖ್ಯೆ ಸುಮಾರು 45 ಸಾವಿರಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಒಂಬತ್ತು ಸಾವಿರ ಮನೆಗಳ ದೀಪ ಉಳಿದಂತಾಯಿತು. ಇದೆಲ್ಲವೂ ವೇಗಮಿತಿಯೊಂದರಿಂದಲೇ ಆಯಿತೆನ್ನುವುದು ನ್ಯಾಯವಲ್ಲ. ಪೆಟ್ರೋಲಿಲ್ಲದೆ ಜನ ತಿರುಗಾಡಿದ್ದೇ ಕಡಿಮೆ. ಹತ್ತು ವರ್ಷಗಳ ಅನುಭವವನ್ನು ಪರಿಶೀಲಿಸಿ 1984ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೊರತಂದ ವರದಿಯು, ಆ ಇಳಿಕೆಯಲ್ಲಿ ಮೂರರಿಂದ ಐದು ಸಾವಿರದಷ್ಟು ನಿಧಾನಗತಿಯ ಫಲವೆಂದು ಅಂದಾಜು ಮಾಡಿತು. ಹಾಗಾದರೂ ಅದು ಸಣ್ಣ ಸಂಖ್ಯೆಯಲ್ಲ.

1974ರ ಮಾರ್ಚಿನಲ್ಲಿ ಅರಬ್ಬರು ತೈಲದ ನಿರ್ಬಂಧವನ್ನು ತೆಗೆದರು. ಬಂಕುಗಳ ಮುಂದಿನ ಸರದಿ ಕರಗಿತು. ಶಾಸನವು ಹುಟ್ಟಿದ ಕಾರಣ ತೀರಿಹೋಯಿತು. ಶಾಸನ ಮಾತ್ರ ಉಳಿಯಿತು. ಉಳಿಯಿತಷ್ಟೇ ಅಲ್ಲ, 1975ರ ಜನವರಿಯಲ್ಲಿ ಅದನ್ನು ಶಾಶ್ವತಗೊಳಿಸಲಾಯಿತು. ನಮ್ಮ ಅಭಿಪ್ರಾಯದಲ್ಲಿ ಇಡೀ ವೃತ್ತಾಂತದ ಗಂಟು ಇರುವುದು ಇಲ್ಲಿಯೇ. ಪೆಟ್ರೋಲನ್ನು ಉಳಿಸಲು ಹೊರಟ ಕಾಯಿದೆಯು ಪೆಟ್ರೋಲನ್ನು ಉಳಿಸಿದ್ದು ನೂರಕ್ಕೆ ಒಂದೆರಡು ಪಾಲು, ಉಳಿಸಿದ್ದು ಪ್ರಾಣಗಳನ್ನು. ಆಳುವವರಿಗೆ ಅಂಕಿಅಂಶಗಳಿಂದ ಈ ಎರಡನೆಯ ಕಾರಣ ತಿಳಿಯಿತು. ಆದರೆ ರಸ್ತೆಯ ಮೇಲಿನ ಮನುಷ್ಯ ತೈಲಕ್ಕಾಗಿ ಒಪ್ಪಿಕೊಂಡಿದ್ದನೇ ಹೊರತು ಪ್ರಾಣಕ್ಕಾಗಿ ಅಲ್ಲ. ತೈಲ ಬಂದಿತು, ಅವನ ಪಾಲಿಗೆ ಒಪ್ಪಂದ ಮುಗಿಯಿತು. ತನ್ನ ಪ್ರಾಣ ಹೋಗುವುದೆಂದು ಯಾವ ಚಾಲಕನೂ ನಂಬುವುದಿಲ್ಲ. ಟಾಕಿ ಖಾಲಿಯಾಗುವುದೆಂದು ಎಲ್ಲರೂ ನಂಬುತ್ತಾರೆ. ಕಾಣದ ಲಾಭಕ್ಕಾಗಿ ಕಾಣುವ ಹೊತ್ತನ್ನು ಬಿಟ್ಟುಕೊಡೆಂದು ಕೇಳುವ ಕಾಯಿದೆಗೆ ಹೆಜ್ಜೆಹೆಜ್ಜೆಗೂ ವಿವರಣೆ ಬೇಕಾಗುತ್ತದೆ. ಆ ವಿವರಣೆ ಜನರ ಹೃದಯಕ್ಕೆ ಇಳಿಯುವಷ್ಟು ದೊರೆಯಲಿಲ್ಲ.

ಅಲ್ಲಿಂದ ಮುಂದೆ ಚಾಲಕರ ನಡೆ ಪಡೆದ ತಿರುವುಗಳು ವಿನೋದವೂ ಹೌದು, ವಿಷಾದವೂ ಹೌದು. ಲಾರಿಯವರು ಸಿ.ಬಿ. ರೇಡಿಯೋ ಎಂಬ ಚಿಕ್ಕ ಯಂತ್ರವನ್ನಿಟ್ಟುಕೊಂಡು, ಪೊಲೀಸರು ಎಲ್ಲಿ ಅಡಗಿದ್ದಾರೆಂದು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸತೊಡಗಿದರು. ಅವರ ಗುಪ್ತಭಾಷೆಯಲ್ಲಿ ಪೊಲೀಸನಿಗೆ ‘ಕರಡಿ’ ಎಂದು ಹೆಸರು. ಕೆಲವೇ ವರ್ಷಗಳಲ್ಲಿ ಆ ಯಂತ್ರ ಸಂಸಾರವಂದಿಗರ ಕಾರುಗಳಿಗೂ ಬಂದಿತು. ಪೊಲೀಸರ ರಾಡಾರಿನ ಸುಳಿವು ಹಿಡಿಯುವ ಪೆಟ್ಟಿಗೆಗಳ ವ್ಯಾಪಾರ ಬೆಳೆಯಿತು. ಮೊಂಟಾನ ರಾಜ್ಯವಂತೂ ಅನುದಾನಕ್ಕಾಗಿ 55ರ ಫಲಕ ನಿಲ್ಲಿಸಿ, ಹಗಲಿನಲ್ಲಿ ಮೀರಿದವನಿಗೆ ಕೇವಲ ಐದು ಡಾಲರ್ ದಂಡವೆಂದು ಗೊತ್ತುಮಾಡಿತು. ಅಪರಾಧದ ಹೆಸರು ಅತಿವೇಗವಲ್ಲ, ಇಂಧನವನ್ನು ಪೋಲು ಮಾಡಿದ್ದು! ಅಲ್ಲಿ ಚಾಲಕರು ಐದು ಡಾಲರಿನ ನೋಟುಗಳನ್ನು ಕೈಗೆಟಕುವಂತೆ ಇಟ್ಟುಕೊಂಡೇ ಹೊರಡುತ್ತಿದ್ದರೆಂದು ನಮ್ಮ ಇಂಜಿನಿಯರರು ಹೇಳಿದರು. ಕೇಂದ್ರವೂ ಸುಮ್ಮನಿರಲಿಲ್ಲ. ಕನಿಷ್ಠ ಅರ್ಧದಷ್ಟು ವಾಹನಗಳಾದರೂ ಮಿತಿಯೊಳಗಿವೆಯೆಂದು ರಾಜ್ಯಗಳು ಲೆಕ್ಕ ಒಪ್ಪಿಸಬೇಕೆಂದು ಕೇಳಿತು. ಹೊಸ ಕಾರುಗಳ ವೇಗಮಾಪಕದಲ್ಲಿ 85ಕ್ಕಿಂತ ಮೇಲಿನ ಅಂಕಿಯೇ ಇರಬಾರದು, 55 ಮಾತ್ರ ಎದ್ದು ಕಾಣಬೇಕು ಎಂದೊಂದು ನಿಯಮ ಬಂದು, ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ಹೋಯಿತು. ಅಂಕಿಯನ್ನು ಅಳಿಸಿದರೆ ಆಸೆ ಅಳಿಯುವುದೆಂದು ಬಗೆದವರು ಯಾರೋ ತಿಳಿಯದು.

ತೆರಿಗೆ ತಪ್ಪಿಸದ, ನೆರೆಯವನ ವಸ್ತು ಮುಟ್ಟದ ಸಭ್ಯ ಗೃಹಸ್ಥರು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾಯಿದೆ ಮುರಿಯುವುದನ್ನು ರೂಢಿ ಮಾಡಿಕೊಂಡರು. ಹಿಂದಿನ ಆಸನದ ಮಕ್ಕಳು ಅದನ್ನು ನೋಡುತ್ತ ಬೆಳೆದರು. ಶಾಸನಕ್ಕೆ ವಿರೋಧವಾಗಿದ್ದವರು ಮುಖ್ಯವಾಗಿ ಎತ್ತಿದ ಆಕ್ಷೇಪ ಇದೇ, ಇದರಲ್ಲಿ ಹುರುಳಿಲ್ಲವೆನ್ನಲಾಗದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಲ್ಲರೂ ಮೀರುತ್ತಿದ್ದರೆಂದ ಮಾತ್ರಕ್ಕೆ ಆ ಕಾಯಿದೆ ಸತ್ತಿತ್ತೆಂದು ತಿಳಿಯಬಾರದು. 55ರ ಫಲಕದ ಕೆಳಗೆ ಮೀರುವವನು 60ಕ್ಕೋ 62ಕ್ಕೋ ಹೋಗುತ್ತಿದ್ದನೇ ವಿನಾ 1973ರ ವೇಗಕ್ಕೆ ಹಿಂದಿರುಗಲಿಲ್ಲ. ಹತ್ತು ವರ್ಷಗಳಾದ ಮೇಲೂ ಅಲ್ಲಿನ ಹೆದ್ದಾರಿಗಳ ಸರಾಸರಿ ವೇಗ ಮೊದಲಿನದಕ್ಕಿಂತ ಕಡಿಮೆಯೇ ಇತ್ತು. ಮಿತಿಯನ್ನು ಮೀರುವವನೂ ಮಿತಿಯಿಂದಲೇ ಎಣಿಕೆ ಆರಂಭಿಸುತ್ತಾನೆ. ಆದ್ದರಿಂದಲೇ 1984ರ ವರದಿಯು, ಇಷ್ಟೆಲ್ಲ ಉಲ್ಲಂಘನೆಯ ನಡುವೆಯೂ ಶಾಸನವು ವರ್ಷಕ್ಕೆ ಎರಡರಿಂದ ನಾಲ್ಕು ಸಾವಿರ ಜನರನ್ನು ಉಳಿಸುತ್ತಿದೆಯೆಂದು ಹೇಳಿತು. ಇದಕ್ಕೆ ತೆತ್ತ ಬೆಲೆಯನ್ನೂ ಆ ವರದಿ ಮುಚ್ಚಿಡಲಿಲ್ಲ: ದೇಶದ ಚಾಲಕರೆಲ್ಲರೂ ಕೂಡಿ ವರ್ಷಕ್ಕೆ ಸುಮಾರು ನೂರು ಕೋಟಿ ತಾಸುಗಳನ್ನು ಹೆಚ್ಚಾಗಿ ರಸ್ತೆಯ ಮೇಲೆ ಕಳೆಯುತ್ತಿದ್ದರು. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ತಲೆಗೆ ಹಂಚಿದರೆ ಒಬ್ಬನಿಗೆ ವರ್ಷಕ್ಕೆ ಆರೇಳು ತಾಸು. ಇದು ಹೆಚ್ಚೋ ಕಡಿಮೆಯೋ ಎಂಬುದು ಆ ಸಾವಿರಾರು ಮನೆಗಳಲ್ಲಿ ನಮ್ಮದೊಂದು ಇದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ.

ಪಂಡಿತರಲ್ಲಿ ವಾದವಿಲ್ಲದೆ ಇಲ್ಲ. ಚಾರ್ಲ್ಸ್ ಲೇವ್ ಎಂಬ ಅರ್ಥಶಾಸ್ತ್ರಜ್ಞರು 1985ರಲ್ಲಿ, ಕೊಲ್ಲುವುದು ವೇಗವಲ್ಲ, ವೇಗಗಳ ನಡುವಣ ಅಂತರವೆಂದು ವಾದಿಸಿದರು. ಎಲ್ಲರೂ ಒಂದೇ ಗತಿಯಲ್ಲಿ ಸಾಗಿದರೆ ಅಪಾಯ ಕಡಿಮೆ; ಒಬ್ಬ ಆಮೆಯಾಗಿ ಇನ್ನೊಬ್ಬ ಮೊಲವಾದರೆ ಅಪಾಯ ಹೆಚ್ಚು. ಮಾತು ತೂಕವುಳ್ಳದ್ದೇ. ಆದರೆ ಡಿಕ್ಕಿ ಆಗುವುದೊಂದು, ಆದ ಮೇಲೆ ಬದುಕುವುದಿನ್ನೊಂದು. ಎರಡನೆಯದನ್ನು ನಿರ್ಣಯಿಸುವುದು ವೇಗವೇ. 1987ರಲ್ಲಿ, ಅಧ್ಯಕ್ಷ ರೇಗನ್ನರ ನಿರಾಕರಣೆಯನ್ನು ಮೀರಿ ಸಂಸತ್ತು ಅಂಗೀಕರಿಸಿದ ಹೆದ್ದಾರಿ ಶಾಸನದ ಮೂಲಕ, ಊರ ಹೊರಗಿನ ಅಂತರರಾಜ್ಯ ರಸ್ತೆಗಳಲ್ಲಿ 65ಕ್ಕೆ ಅನುಮತಿ ದೊರೆಯಿತು. 1995ರ ನವೆಂಬರ್ 28ರಂದು ಅಧ್ಯಕ್ಷ ಕ್ಲಿಂಟನ್ನರ ಅಂಕಿತದೊಂದಿಗೆ ರಾಷ್ಟ್ರೀಯ ಮಿತಿಯೇ ಕೊನೆಗೊಂಡಿತು. ರಾಜ್ಯಗಳು ಒಂದರ ಹಿಂದೊಂದು ಫಲಕಗಳನ್ನು ಬದಲಾಯಿಸಿದವು. ಮೊಂಟಾನ ಹಗಲಿನ ಸಂಖ್ಯೆಯನ್ನೇ ಕಿತ್ತುಹಾಕಿ, ವಿವೇಕಕ್ಕೆ ಒಪ್ಪುವಂತೆ ನಡೆಸಿರೆಂದು ಮಾತ್ರ ಹೇಳಿತು. ವಿವೇಕವೆಂದರೆ ಎಷ್ಟು ಮೈಲಿ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಇಷ್ಟು ಅಸ್ಪಷ್ಟವಾದ ಮಾತಿನಿಂದ ಯಾರನ್ನೂ ದಂಡಿಸಲಾಗದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1998ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮರುವರ್ಷವೇ 75 ಎಂಬ ಸಂಖ್ಯೆ ಫಲಕವೇರಿತು. ತರ್ಕಶಾಸ್ತ್ರವನ್ನೋದಿದ ನಮಗೆ ಆ ತೀರ್ಪು ತುಂಬ ಹಿಡಿಸಿತು. ಲಕ್ಷಣ ಹೇಳದೆ ದೋಷ ಹೇಳಲು ಬರುವುದಿಲ್ಲವಷ್ಟೆ!

ರಾಷ್ಟ್ರೀಯ ಮಿತಿ ರದ್ದಾದ ನಂತರದ ಹತ್ತು ವರ್ಷಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2009ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯದ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಚ್ಚಿಸಿದ ಮಿತಿಗಳ ಫಲವಾಗಿ 1995ರಿಂದ 2005ರವರೆಗೆ ಸತ್ತವರು 12,545 ಎಂಬುದು ಅದರ ನಿರ್ಣಯ.

ಈ ಲೆಕ್ಕವನ್ನೆಲ್ಲ ಹೇಳುತ್ತ ಬಂದ ಇಂಜಿನಿಯರರು, “ನಮ್ಮ ಕಡೆ ಈಗ ಹ್ಯಾಂಗ ಐತ್ರಿ ಶಾಸ್ತ್ರಿಗಳ?” ಎಂದು ಕೇಳಿದ್ದರು. ಅಂದು ನಾವು ನಕ್ಕು ಸುಮ್ಮನಾಗಿದ್ದೆವು. ನಮ್ಮಲ್ಲಿ 1988ರ ಮೋಟಾರು ವಾಹನ ಅಧಿನಿಯಮದ 112ನೆಯ ಕಲಮು ವೇಗದ ಗರಿಷ್ಠ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅವರು ಪ್ರಶ್ನೆ ಕೇಳಿದ ಅದೇ 2018ರ ಏಪ್ರಿಲಿನಲ್ಲಿ ಕೇಂದ್ರವು ಕಾರುಗಳ ಮಿತಿಯನ್ನು ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ 120 ಕಿಲೋಮೀಟರಿಗೂ, ವಿಭಜಕವಿರುವ ಚತುಷ್ಪಥ ರಸ್ತೆಗಳಲ್ಲಿ 100ಕ್ಕೂ ಏರಿಸಿತ್ತು. 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆ ಅಧಿಸೂಚನೆಯನ್ನು ರದ್ದುಪಡಿಸಿತು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಇವರಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿಯ ಸಾವಿಗೆ ಸರಕಾರದ ವರದಿ ಬರೆದ ಕಾರಣ ಅತಿವೇಗ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಡೆದದ್ದನ್ನು ಓದುಗರು ಬಲ್ಲರು. ಅಗಲವಾದ ರಸ್ತೆ, 100ರ ಫಲಕ, ಮೇಲಿಂದ ಮೇಲೆ ಸಾವಿನ ಸುದ್ದಿ. ಆ ಜುಲೈಯಲ್ಲಿ ಪೊಲೀಸರು ರಾಡಾರ್ ಹಿಡಿದು ನಿಂತರು. ಆಗಸ್ಟ್ 1ರಿಂದ ದ್ವಿಚಕ್ರ, ಆಟೋರಿಕ್ಷಾ, ಟ್ರಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ಆಮೇಲೆ ಕ್ಯಾಮೆರಾಗಳು ಬಂದವು. ಸಾವುಗಳು ಇಳಿದವು. ಫಲಕದ ಸಂಖ್ಯೆ ಮೊದಲೂ ಅದೇ, ಆಮೇಲೂ ಅದೇ. ಬದಲಾದದ್ದು ಎರಡು: ಯಾರೋ ನೋಡುತ್ತಿದ್ದಾರೆಂಬ ಅರಿವು, ಮತ್ತು ಲೇವ್ ಅವರು ಹೇಳಿದ ಆಮೆ ಮೊಲಗಳ ಅಂತರ.

ಆ ಅಂತರದ ಮಾತನ್ನು ನಾವು ಪುಸ್ತಕದಿಂದ ಮಾತ್ರ ಬಲ್ಲವರಲ್ಲ. ನಮ್ಮ ಪ್ರಸಾದ ನಿಲಯದಲ್ಲಿದ್ದುಕೊಂಡು ಎಂಟು ವರ್ಷ ಓದಿದ ಹುಡುಗನೊಬ್ಬ, ಇಪ್ಪತ್ತಾರರ ಪ್ರಾಯದವನು, 2022ರ ಡಿಸೆಂಬರಿನ ಒಂದು ರಾತ್ರಿ ಗೆಳೆಯನ ಕಾರಿನಲ್ಲಿ ಊರಿಗೆ ಬರುತ್ತಿದ್ದ. ಕಬ್ಬು ನುರಿಸುವ ಕಾಲ. ಹಿಂಬದಿಗೆ ದೀಪವಿಲ್ಲದ, ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿದ ಟ್ರಾಕ್ಟರೊಂದು ಎತ್ತಿನ ಗಾಡಿಯ ವೇಗದಲ್ಲಿ ಮುಂದೆ ಹೋಗುತ್ತಿತ್ತು. ಕಾರು 120 ದಾಟಿತ್ತೆಂದು ಬದುಕುಳಿದ ಗೆಳೆಯ ಹೇಳಿದ. ಚಕ್ರ ಹಿಡಿದಿದ್ದವನು ನಮ್ಮ ಹುಡುಗನೇ. ನಾವು ಮಣ್ಣಿಗೆ ಹೋದಾಗ ಅವನ ತಂದೆ, ಐದೆಕರೆಯ ಒಕ್ಕಲುತನದ ಮನುಷ್ಯ, ಅಳುತ್ತಿರಲಿಲ್ಲ. ನಮ್ಮನ್ನು ಬದಿಗೆ ಕರೆದು ಒಂದೇ ಮಾತು ಕೇಳಿದ: “ಅಲ್ಲೆ ಬೋರ್ಡ್ ಇತ್ತೇನ್ರಿ ಗುರುಗಳ?” ನಾವು ಆ ಹಾದಿಯಲ್ಲಿಯೇ ಬಂದವರು. ಇತ್ತು, ಎಂಬತ್ತು ಎಂದು ಬರೆದಿತ್ತು ಎಂದೆವು. ಆತ ಸ್ವಲ್ಪ ಹೊತ್ತು ನೆಲ ನೋಡಿ, “ನೀವು ಓದಾಕ ಕಲಿಸಿದ ಹುಡುಗ ರೀ. ಓದಿರತಾನ ಬಿಡ್ರಿ” ಎಂದ.

ಅದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ, ಈಗಲೂ ಇಲ್ಲ. ಟ್ರಾಕ್ಟರಿಗೆ ದೀಪವಿದ್ದಿದ್ದರೆ ಎನ್ನಬಹುದು. ಗಂಟೆಗೆ ಎಂಬತ್ತರಲ್ಲಿದ್ದರೆ ಕಂಡೊಡನೆ ನಿಲ್ಲಿಸಲು ಆಗುತ್ತಿತ್ತೇನೋ ಎನ್ನಬಹುದು. ಅಮೆರಿಕದ ಇಪ್ಪತ್ತೆರಡು ವರ್ಷಗಳ ಲೆಕ್ಕವನ್ನು ನಾವು ಮತ್ತೆ ತೆಗೆದು ಕುಳಿತದ್ದು ಆ ಮಣ್ಣಿನಿಂದ ಬಂದ ಮೇಲೆಯೇ.

ಅವನ ತಮ್ಮ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೊಮ್ಮೆ ಕಂಪನಿಯ ಕೆಲಸದ ಮೇಲೆ ಮೈಸೂರಿಗೆ ಕಾರು ನಡೆಸಿಕೊಂಡು ಹೋಗುತ್ತಾನೆ. ಕಳೆದ ಯುಗಾದಿಗೆ ಊರಿಗೆ ಬಂದಾಗ ತಂದೆಯು ಅವನನ್ನು ನಮ್ಮಲ್ಲಿಗೆ ಕಳಿಸಿದರು. ನಾಲ್ಕು ಬುದ್ಧಿಮಾತು ಹೇಳಬೇಕಂತೆ. ಬುದ್ಧಿಮಾತಿಗೆ ಈ ಪ್ರಾಯದವರು ಎಷ್ಟು ಕಿವಿಗೊಡುತ್ತಾರೆಂಬುದನ್ನು ನಲವತ್ತು ವರ್ಷ ಪಾಠ ಹೇಳಿದ ನಾವು ಬಲ್ಲೆವು. ಆದ್ದರಿಂದ ಲೆಕ್ಕವನ್ನೇ ಹೇಳಿದೆವು. ಆ ರಸ್ತೆ 118 ಕಿಲೋಮೀಟರು. 100ರ ಬದಲು 120ರಲ್ಲಿ ಒಂದೇ ಸಮನೆ ಹೋದರೂ ಉಳಿಯುವುದು ಹನ್ನೆರಡು ನಿಮಿಷ. ವೇಗ ಐದನೆಯ ಒಂದು ಪಾಲು ಏರಿದರೆ ಡಿಕ್ಕಿಯ ಶಕ್ತಿ ಅಷ್ಟೇ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಸುಮಾರು ಒಂದೂವರೆಪಟ್ಟಾಗುತ್ತದೆ. ರಸ್ತೆಯೊಂದರ ಸರಾಸರಿ ವೇಗಕ್ಕೂ ಸಾವು ತರುವ ಅಪಘಾತಗಳಿಗೂ ನಾಲ್ಕನೆಯ ಘಾತದ ಸಂಬಂಧವಿದೆಯೆಂದು ಸ್ವೀಡನ್ನಿನ ಗೋರಾನ್ ನಿಲ್ಸನ್ನರು ತೋರಿಸಿದ್ದಾರೆ. ಆ ಪ್ರಕಾರ ಎಲ್ಲರೂ 100ರಿಂದ 120ಕ್ಕೆ ಏರಿದರೆ ಅಂಥ ಅಪಘಾತಗಳು ಎರಡುಪಟ್ಟಾಗುತ್ತವೆ. ಹನ್ನೆರಡು ನಿಮಿಷವನ್ನು ಮೈಸೂರಿನಲ್ಲಿ ಯಾವ ಕೆಲಸಕ್ಕೆ ಬಳಸುತ್ತೀ ಎಂದು ಕೇಳಿದೆವು.

ಹುಡುಗ ಮಾತಾಡಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಬಹಳ ಹೊತ್ತು ಏನನ್ನೋ ಒತ್ತುತ್ತ ಕುಳಿತ. ನಮ್ಮ ಮಾತು ಬೇಸರ ತಂದಿತೆಂದು ತಿಳಿದು ನಾವು ಪಂಚಾಂಗವನ್ನು ಕೈಗೆತ್ತಿಕೊಂಡೆವು. ಆಗ ತಲೆಯೆತ್ತಿ, “ಹನ್ನೆರಡು ಅಲ್ರಿ ಗುರುಗಳ. ಹನ್ನೊಂದು ನಿಮಿಷ ನಲವತ್ತೆಂಟು ಸೆಕೆಂಡು” ಎಂದ.